ನಾಲ್ಕು ಇಂಚಿಗೆ ಎಷ್ಟು ಮನೆ?

ರಾಯಚೂರು ಜಿಲ್ಲೆಯವರು ಸ್ವೆಟರಿನ ಮಾತೆತ್ತಿದರೆ ಉಳಿದವರಿಗೆ ನಗು ಬರುತ್ತದೆ. ನಗಲಿ. ಏಪ್ರಿಲ್ ತಿಂಗಳಲ್ಲಿ ನಮ್ಮ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತವರಿಗೆ ಉಣ್ಣೆ ಎಂಬ ಶಬ್ದ ಕೇಳಿದರೇ ಬೆವರು ಒಡೆಯುತ್ತದೆ. ಆದರೆ ಡಿಸೆಂಬರ್ ತಿಂಗಳ ನಸುಕಿನಲ್ಲಿ ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಹಿಡಿದು ಸೈಕಲ್ ತುಳಿದವರು ಹಾಗೆ ನಗುವುದಿಲ್ಲ. ಒಂದು ಕಡೆ ಕಾಲುವೆ ನೀರು, ಇನ್ನೊಂದು ಕಡೆ ನೀರು ನಿಂತ ಭತ್ತದ ಗದ್ದೆ, ನಡುವೆ ಅಂಗಿಯೊಳಗೆ ಹೊಕ್ಕು ಬೆನ್ನಿನಿಂದ ಹೊರಬೀಳುವ ಗಾಳಿ. ಆ ಗಾಳಿಯಲ್ಲಿ ನಾನು ನಾಲ್ಕು ಚಳಿಗಾಲ ಶಾಲೆಗೆ ಹೋಗಿದ್ದೇನೆ. ನಾನು ಗಣಿತದ ಮೇಷ್ಟರು. ಮೊದಲು ಮಸ್ಕಿಯಲ್ಲಿದ್ದೆ, 1984ರಲ್ಲಿ ಸಿಂಧನೂರಿಗೆ ವರ್ಗವಾಯಿತು, ಈಗ ನಿವೃತ್ತನಾಗಿ ಊರಿಗೆ ಬಂದು ಕುಳಿತು ಹತ್ತು ವರ್ಷ ದಾಟಿತು.

ನಾವು ಚಿಕ್ಕವರಿದ್ದಾಗ ಸ್ವೆಟರ್ ಎಲ್ಲಿಂದ ಬರಬೇಕು! ಚಳಿಗೆ ಕಂಬಳಿ. ಕುರುಬರ ಓಣಿಯಲ್ಲಿ ಬೀದಿಗೆ ಅಡ್ಡಲಾಗಿ ಹಾಸುನೂಲು ಕಟ್ಟಿ, ಹುಣಸೆ ಬೀಜದ ಗಂಜಿ ಬಳಿದು ಒಣಗಿಸುತ್ತಿದ್ದರು. ನಾವು ಹುಡುಗರು ಅದರ ಕೆಳಗೆ ನುಸುಳಿ ಓಡಿ ಬೈಸಿಕೊಳ್ಳುತ್ತಿದ್ದೆವು. ಕಂಬಳಿಗೆ ಮೊಳದ ಅಳತೆ ಸಾಕು. ಮೈಗೆ ಸರಿಹೋಗಬೇಕೆಂಬ ಹಟ ಅದಕ್ಕಿಲ್ಲ. ಅಜ್ಜ ಹೊದ್ದರೂ ಆದೀತು, ಮೊಮ್ಮಗ ಹೊದ್ದರೂ ಆದೀತು, ಮಳೆ ಬಂದರೆ ಇಬ್ಬರೂ ಸೇರಿ ಹೊದ್ದರೂ ಆದೀತು. ಸ್ವೆಟರ್ ಹಾಗಲ್ಲ. ಅದಕ್ಕೆ ತೋಳು ಉಂಟು, ಕುತ್ತಿಗೆ ಉಂಟು. ಅದು ಒಬ್ಬರದೇ.

ಸಿಂಧನೂರಿನ ಸುತ್ತ ಆರ್.ಎಚ್. ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ಎಲ್ಲವನ್ನೂ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ಹೊಲ ಕೊಟ್ಟು ನೆಲೆಗೊಳಿಸಿದ ಪುನರ್ವಸತಿ ಊರುಗಳು ಅವು. ದಸರೆಯಲ್ಲಿ ನಮ್ಮ ಕಡೆ ಬನ್ನಿ ಹಂಚುತ್ತಿದ್ದರೆ ಅಲ್ಲಿ ದುರ್ಗಾಪೂಜೆಯ ಡೊಳ್ಳು ಬಾರಿಸುತ್ತಿರುತ್ತದೆ. ಆ ಕಡೆಯ ಒಬ್ಬ ಹುಡುಗ ನನ್ನ ಕ್ಲಾಸಿನಲ್ಲಿದ್ದ. ಅವನ ತಾಯಿಯನ್ನು ಎಲ್ಲರೂ ಬೌದಿ ಎನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಬೌದಿ ಅಂದರೆ ಅತ್ತಿಗೆ. ಆಕೆ ಸಿಂಧನೂರಿನ ಸಂತೆಗೆ ಬಂದಾಗ ನಮ್ಮ ಮನೆ ಕಟ್ಟೆಯ ಮೇಲೆ ಕುಳಿತು ನೀರು ಕುಡಿದು ಹೋಗುವ ರೂಢಿಯಾಯಿತು. ಕುಳಿತಾಗ ಕೈ ಖಾಲಿ ಇರುತ್ತಿರಲಿಲ್ಲ. ಚೀಲದಿಂದ ಎರಡು ಕಡ್ಡಿ, ಒಂದು ಉಂಡೆ ಉಣ್ಣೆ ಹೊರಬರುತ್ತಿದ್ದವು. ಮಾತು ಒಂದು ಕಡೆ, ಕಣ್ಣು ಒಂದು ಕಡೆ, ಕೈ ಮಾತ್ರ ತನ್ನ ಪಾಡಿಗೆ ಟಕಟಕ.

ನನ್ನ ಹೆಂಡತಿಗೆ ಆಗ ಬಂಗಾಳಿ ಬಾರದು, ಬೌದಿಗೆ ಕನ್ನಡ ಅರ್ಧಂಬರ್ಧ. ಆದರೂ ಪಾಠ ಶುರುವಾಯಿತು. ಕಡ್ಡಿಯ ಮೇಲೆ ಏರಿಸುವ ಒಂದೊಂದು ಕುಣಿಕೆಗೂ ಬೌದಿ 'ಘರ್' ಎನ್ನುತ್ತಿದ್ದಳು. ಘರ್ ಅಂದರೆ ಮನೆ. ನಮ್ಮಾಕೆಗೆ ಅದು ಭಾಳ ಸೇರಿತು. ಚೌಕಾಬಾರದಲ್ಲೂ ಮನೆ, ಸ್ವೆಟರಿನಲ್ಲೂ ಮನೆ! ಅಂದಿನಿಂದ ನಮ್ಮಲ್ಲಿ ಹೆಣಿಗೆಯ ಕುಣಿಕೆಗೆ ಮನೆ ಎಂಬ ಹೆಸರೇ ನಿಂತಿತು. ಬೌದಿಯ 'ಶೋಜಾ' ನಮ್ಮಲ್ಲಿ ಸೀದಾ ಆಯಿತು, 'ಉಲ್ಟೋ' ಉಲ್ಟಾ ಆಯಿತು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ಮುಂದಿನ ಮುಖದಲ್ಲಿ ಸಣ್ಣ ಸಣ್ಣ ಜಡೆ ಹಾಕಿದಂಥ ನುಣುಪು ಬಟ್ಟೆ. ಇಷ್ಟು ಗೊತ್ತಾದರೆ ಸ್ವೆಟರ್ ಮುಕ್ಕಾಲು ಬಂದ ಹಾಗೆ. ಉಳಿದ ಕಾಲು ಭಾಗ ಲೆಕ್ಕ. ಅಲ್ಲೇ ನಾವು ಮುಗ್ಗರಿಸಿದ್ದು.

1985ರ ಚಳಿಗಾಲಕ್ಕೆ ನನಗೊಂದು ಸ್ವೆಟರ್ ಎಂದು ತೀರ್ಮಾನವಾಯಿತು. ಬೌದಿಯ ಗಂಡ ನನ್ನಷ್ಟೇ ಮೈಕಟ್ಟಿನವರು. ಅವರಿಗೆ ಎಷ್ಟು ಮನೆ ಏರಿಸಿದ್ದಿ ಎಂದು ನಮ್ಮಾಕೆ ಕೇಳಿದಳು. ಬೌದಿ ಬೆನ್ನಿಗೆ 110, ಎದೆಗೆ 110 ಎಂದಳು. ಸರಿ, ಅದೇ ಕಡ್ಡಿ, ಅದೇ ಉಣ್ಣೆ, ಅದೇ 110. ಎರಡು ತಿಂಗಳು ರಾತ್ರಿ ದೀಪದ ಕೆಳಗೆ ಹೆಣೆದು ಹೊಲಿದು ಮುಗಿಸಿ ತೊಡಿಸಿದಳು. ತೋಳು ಎತ್ತಿದರೆ ಬಾವಲಿಯ ಹಾಗೆ ಕಾಣುತ್ತಿದ್ದೆ. ಪಕ್ಕದ ಮನೆಯ ಹುಡುಗ ಬಂದು, "ಸರ್, ಇದರಾಗ ಟೀಚರಮ್ಮನೂ ಹಿಡೀತಾರ" ಎಂದ. ನಿಜವಾಗಿಯೂ ಹಿಡಿಯುತ್ತಿದ್ದಳು. ಟೇಪ್ ಹಿಡಿದು ನೋಡಿದರೆ ನನ್ನ ಎದೆ 36 ಇಂಚು, ಸ್ವೆಟರ್ ಹತ್ತಿರ ಹತ್ತಿರ 49!

ನಮ್ಮಾಕೆ ಅತ್ತಳು. ನಾನು ನಕ್ಕೆ. ನಗಬಾರದಿತ್ತು.

ಬೌದಿ ಬಂದವಳು ನಗಲೂ ಇಲ್ಲ, ಬೈಯಲೂ ಇಲ್ಲ. ತನ್ನ ಚೀಲದಿಂದ ಅಂಗೈ ಅಗಲದ ಒಂದು ಹೆಣೆದ ತುಂಡು ತೆಗೆದು ನಮ್ಮ ಸ್ವೆಟರಿನ ಮೇಲಿಟ್ಟಳು. "ನಮುನಾ" ಎಂದಳು. ಈ ಶಬ್ದಕ್ಕೆ ದುಭಾಷಿ ಬೇಕಾಗಲಿಲ್ಲ, ನಮ್ಮ ನಮೂನಿಯೇ ಅದು. ಟೇಪಿನಲ್ಲಿ ನಾಲ್ಕು ಇಂಚು ಗುರುತು ಮಾಡಿ ತನ್ನ ತುಂಡಿನ ಮನೆ ಎಣಿಸಿದಳು, 22. ನಮ್ಮ ಸ್ವೆಟರಿನಲ್ಲಿ ನಾಲ್ಕು ಇಂಚಿಗೆ ಎಣಿಸಿದಳು, 18. ಆಕೆಯದು ಬಿಗಿ ಕೈ, ನಮ್ಮಾಕೆಯದು ಸಡಿಲ ಕೈ. ಇಂಚಿಗೆ ಒಂದೇ ಒಂದು ಮನೆ ವ್ಯತ್ಯಾಸ. ಮಕ್ಕಳೇ, ನೀವೇ ಭಾಗಿಸಿ ನೋಡಿ. ಇಂಚಿಗೆ ಐದೂವರೆ ಮನೆಯಂತೆ 110 ಮನೆಗೆ 20 ಇಂಚು. ಇಂಚಿಗೆ ನಾಲ್ಕೂವರೆಯಂತೆ ಅದೇ 110 ಮನೆಗೆ ಇಪ್ಪತ್ನಾಲ್ಕೂವರೆ ಇಂಚು. ಬೆನ್ನು ಎದೆ ಎರಡೂ ಸೇರಿ ಒಂಬತ್ತು ಇಂಚು ಹೆಚ್ಚಾಯಿತು.

ನಾಚಿಕೆಯ ಮಾತೆಂದರೆ, ಅದೇ ವಾರ ನಾನು ಶಾಲೆಯಲ್ಲಿ ತ್ರೈರಾಶಿಕ ಕಲಿಸುತ್ತಿದ್ದೆ. ಹತ್ತು ಆಳು ಇಷ್ಟು ಗೋಡೆ ಕಟ್ಟಿದರೆ, ಐದು ಸೇರು ಅಕ್ಕಿಗೆ ಇಷ್ಟು ರೂಪಾಯಿಯಾದರೆ ಎಂದು ಬೋರ್ಡಿನ ತುಂಬ ಬರೆದಿದ್ದೆ. ಪ್ರಮಾಣ, ಫಲ, ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ತ್ರೈರಾಶಿಕಕ್ಕೆಂದೇ ಒಂದು ಅಧ್ಯಾಯ ಇಟ್ಟಿದ್ದಾರೆ ಎಂದೂ ಹುಡುಗರಿಗೆ ಹೆಮ್ಮೆಯಿಂದ ಹೇಳಿದ್ದೆ. ಮನೆಯಲ್ಲಿ ನನ್ನ ಮೈಮೇಲೆಯೇ ಆ ಲೆಕ್ಕ ಜೋತಾಡುತ್ತಿದ್ದರೂ ಕಾಣಲಿಲ್ಲ. ಶಾಲೆಗೇ ಹೋಗದ ಬೌದಿಗೆ ಕಂಡಿತು.

ಆ ಸ್ವೆಟರ್ ಪೂರ್ತಿ ಬಿಚ್ಚಿದೆವು. ಬಿಚ್ಚಿದ ಉಣ್ಣೆ ಶ್ಯಾವಿಗೆಯ ಹಾಗೆ ಸುರುಳಿ ಸುರುಳಿ. ಅದನ್ನು ಲಡಿ ಕಟ್ಟಿ ತೊಳೆದು, ಕೆಳಗೆ ಭಾರಕ್ಕೆ ಒಂದು ತಂಬಿಗೆ ಕಟ್ಟಿ ಒಣಗಿಸಿದರೆ ಮತ್ತೆ ನೆಟ್ಟಗಾಗುತ್ತದೆ. ಮರುವರ್ಷ ಇಂಚಿಗೆ ನಾಲ್ಕೂವರೆಯಂತೆ 20 ಇಂಚಿಗೆ 90 ಮನೆ ಏರಿಸಿದಳು. ಆ ಸ್ವೆಟರ್ ಹದಿನೈದು ವರ್ಷ ಬಾಳಿತು.

ಬೌದಿ ಹೇಳಿಕೊಟ್ಟ ನಮೂನಿಯ ಶಾಸ್ತ್ರ ಇಷ್ಟೇ. ತುಂಡು ನಾಲ್ಕು ಇಂಚಿಗಿಂತ ದೊಡ್ಡದಿರಬೇಕು, ಏಕೆಂದರೆ ಅಂಚಿನ ಮನೆಗಳು ಸುಳ್ಳು ಹೇಳುತ್ತವೆ, ನಡುವೆ ಎಣಿಸಬೇಕು. ತುಂಡನ್ನು ತೊಳೆದು ಒಣಗಿಸಿ ಆಮೇಲೆ ಅಳೆಯಬೇಕು, ಏಕೆಂದರೆ ಸ್ವೆಟರ್ ಮುಂದೆ ನೀರು ಕಾಣುವುದೇ. ಅಳೆಯುವಾಗ ಎಳೆಯಬಾರದು, ಬೇಕಾದ ಉತ್ತರ ಬರಲಿ ಎಂದು ಕೈ ತಾನೇ ಎಳೆಯುತ್ತದೆ, ಹುಷಾರು. ಅರ್ಧ ಮನೆ ಬಂದರೆ ಅದನ್ನೂ ಬರೆಯಬೇಕು. ನಾಲ್ಕು ಇಂಚಿನಲ್ಲಿ ಅರ್ಧ ಮನೆ ಬಿಟ್ಟರೆ ನಲವತ್ತು ಇಂಚಿನಲ್ಲಿ ಐದು ಮನೆ ಬಿಟ್ಟಂತೆ. ಮತ್ತು ಎಲ್ಲವನ್ನೂ ಬರೆದಿಡಬೇಕು. ಬೌದಿ ಬರೆಯುತ್ತಿರಲಿಲ್ಲ, ದಾರಕ್ಕೆ ಗಂಟು ಹಾಕಿ ಇಡುತ್ತಿದ್ದಳು. ನಾವು ಒಂದು ವಹಿ ಮಾಡಿದೆವು.

ಮಸ್ಕಿಯಲ್ಲಿ ಮೇಷ್ಟರಾಗಿದ್ದಾಗ ಪ್ರತಿವರ್ಷ ಹುಡುಗರನ್ನು ಅಶೋಕನ ಶಾಸನ ನೋಡಲು ಗುಡ್ಡಕ್ಕೆ ಕರೆದೊಯ್ಯುತ್ತಿದ್ದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಕಂಡುಹಿಡಿದದ್ದು. ದೇಶದ ತುಂಬ ಎಷ್ಟೋ ಬಂಡೆ, ಕಂಬಗಳ ಮೇಲೆ 'ದೇವಾನಾಂಪ್ರಿಯ' ಎಂಬ ಬಿರುದಿನ ದೊರೆಯ ಮಾತುಗಳಿದ್ದವು. ಆ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೇ ಮೊದಲು ತೋರಿಸಿದ್ದು ನಮ್ಮ ಮಸ್ಕಿಯ ಈ ಒಂದು ಬಂಡೆ. ಒಂದು ಕಡೆಯ ತುಂಡು ಎಲ್ಲ ಕಡೆಯದರ ಗುಟ್ಟು ಹೇಳಿತು. ನಮೂನಿ ಎಂದಾಗಲೆಲ್ಲ ನನಗೆ ಆ ಬಂಡೆ ನೆನಪಾಗುತ್ತದೆ. ಇದನ್ನು ಹೇಳಿದಾಗ ನಮ್ಮಾಕೆ, "ಅದಕ್ಕ ಅಷ್ಟು ದೂರ ಯಾಕ ಹೋಗ್ತೀರಿ, ಅನ್ನ ಬೆಂದದ್ದು ನೋಡೋಕ ಒಂದು ಅಗುಳು ಸಾಕಲ್ಲ" ಎಂದಳು. ಅಲ್ಲಿಗೆ ಇತಿಹಾಸದ ಪಾಠ ಮುಗಿಯಿತು.

ಈಗ ಹೋದ ವರ್ಷದ ಮಾತು.

ನಮ್ಮ ಮಗಳು ಅಳಿಯ ಇರುವುದು ಡೆಹ್ರಾಡೂನಿನಲ್ಲಿ. ಅಲ್ಲಿಯ ಮೊಮ್ಮಗಳಿಗೆ ಒಂಬತ್ತು ವರ್ಷ. ಅಲ್ಲಿ ಅಂಗಡಿಯಲ್ಲಿ ಬೇಕಾದಷ್ಟು ಸ್ವೆಟರ್ ಸಿಗುತ್ತವೆ, ಆದರೆ ಆಕೆಗೆ ಅಜ್ಜಿಯದೇ ಬೇಕು, ಅದೂ ಅರಿಸಿನ ಬಣ್ಣದ್ದು. ಶ್ರಾವಣದಲ್ಲೇ ಅಳತೆ ತರಿಸಿಕೊಂಡು ಅಜ್ಜಿ ಶುರುಮಾಡಿದಳು. ಬೆನ್ನಿನ ಭಾಗ ಮುಗಿಯಿತು. ಎದೆಯ ಭಾಗ ಕೆಳಗಿನ ಪಟ್ಟಿ ದಾಟಿ ಹತ್ತು ಸೆಂಟಿಮೀಟರ್ ಮೇಲೆ ಬಂದಿತ್ತು. ಗಣೇಶ ಹಬ್ಬ ಕಳೆದ ವಾರ ಬೆಳಿಗ್ಗೆ ಚಹಾದ ಲೋಟ ಆಕೆಯ ಬಲಗೈಯಿಂದ ಜಾರಿತು. ಲಕ್ವ. ರಾಯಚೂರಿನಲ್ಲಿ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ಬಂದೆವು. ಜೀವ ಉಳಿಯಿತು. ಬಲಗೈ ಮತ್ತು ಮಾತು ಎರಡೂ ಹಿಂದೆ ಉಳಿದವು.

ಮನೆಗೆ ಬಂದಾಗ ಕಿಟಕಿಯ ಪಕ್ಕದ ಬುಟ್ಟಿಯಲ್ಲಿ ಆ ಅರ್ಧ ಸ್ವೆಟರ್ ಕಡ್ಡಿಯ ಸಮೇತ ಹಾಗೇ ಇತ್ತು. ಆಕೆ ಅದರ ಕಡೆ ನೋಡುವುದಿಲ್ಲ, ನಾವು ಅದನ್ನು ಎತ್ತಿಡುವುದಿಲ್ಲ. ಹಾಗೆ ಮೂರು ವಾರ ಕಳೆಯಿತು. ಡೆಹ್ರಾಡೂನಿನಿಂದ ಫೋನ್ ಬಂದಾಗ ಹುಡುಗಿ ಸ್ವೆಟರ್ ಕೇಳಲಿಲ್ಲ. ಯಾರೋ ಕೇಳಬೇಡ ಎಂದು ಹೇಳಿಕೊಟ್ಟಿದ್ದರು. ಅವಳು ಕೇಳಲಿಲ್ಲ ಎಂಬುದು ಅಜ್ಜಿಗೆ ಗೊತ್ತಾಯಿತು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಮರುದಿನ ಆ ಬುಟ್ಟಿಯನ್ನು ನಾನು ಕೈಗೆ ತೆಗೆದುಕೊಂಡೆ. ನಿವೃತ್ತನಾದ ವರ್ಷ ಹೊತ್ತು ಹೋಗದೆ ಆಕೆಯಿಂದ ಸೀದಾ ಉಲ್ಟಾ ಕಲಿತು ಒಂದು ಮಫ್ಲರ್ ಹೆಣೆದಿದ್ದೆ. ಮಫ್ಲರ್‌ಗೆ ಲೆಕ್ಕವಿಲ್ಲ. ಕೈ ಸೋಲುವವರೆಗೆ ಹೆಣೆಯುವುದು, ನಿಲ್ಲಿಸುವುದು. ಅಷ್ಟೇ ನನ್ನ ವಿದ್ಯೆ. ಆದರೆ ಕಡ್ಡಿಯ ಮೇಲೆ ಮನೆಗಳು ಆಗಲೇ ಎಣಿಸಿ ಸಿದ್ಧವಿದ್ದವಲ್ಲ, ನಾನು ಮುಂದುವರಿಸಿದರಾಯಿತು ಎಂದುಕೊಂಡೆ.

ವಹಿಯಲ್ಲಿ ಆಕೆಯ ಲೆಕ್ಕವೂ ಇತ್ತು. ಹುಡುಗಿಯ ಎದೆ 66 ಸೆಂ.ಮೀ., ಸಡಿಲಕ್ಕೆ 8, ಒಟ್ಟು 74. ಅರ್ಧಕ್ಕೆ 37. ಎಂಟನೇ ನಂಬರ್ ಕಡ್ಡಿಯಲ್ಲಿ ಆಕೆಯ ಕೈಗೆ ಹತ್ತು ಸೆಂ.ಮೀ.ಗೆ 20 ಮನೆ. ಮೂವತ್ತೇಳಕ್ಕೆ 74 ಮನೆ. ಎರಡು ಪಕ್ಕದ ಹೊಲಿಗೆಗೆ ಒಂದೊಂದು ಸೇರಿಸಿ 76. ನೋಡಿ, ಎಷ್ಟು ಅಚ್ಚುಕಟ್ಟು. ನನ್ನ ಎಷ್ಟೋ ವಿದ್ಯಾರ್ಥಿಗಳು ಇಷ್ಟು ಚೆನ್ನಾಗಿ ಲೆಕ್ಕ ಬರೆದವರಲ್ಲ.

ಆರು ಸಾಲು ಹೆಣೆದೆ. ಹಿಡಿದು ನೋಡಿದರೆ ಸ್ವೆಟರಿಗೆ ಸೊಂಟ ಬಂದಿತ್ತು! ಆಕೆಯ ಹೆಣಿಗೆ ಅಗಲವಾಗಿ ಬಂದು ನನ್ನ ಹೆಣಿಗೆ ಶುರುವಾದಲ್ಲಿ ಡಮರುಗದ ಹಾಗೆ ಒಳಗೆ ಸರಿದಿತ್ತು. ನನ್ನ ಕೈ ಬೌದಿಯ ಕೈಗಿಂತಲೂ ಬಿಗಿ. ಸೀಮೆಸುಣ್ಣ ಒತ್ತಿ ಬರೆದು ಬರೆದು ಬಂದದ್ದೋ ಏನೋ. ಹತ್ತು ಸೆಂ.ಮೀ.ಗೆ 24 ಮನೆ. 76 ಮನೆ 38 ಸೆಂ.ಮೀ. ಬರಬೇಕಾದಲ್ಲಿ ಮೂವತ್ತೆರಡೂ ಬರುತ್ತಿರಲಿಲ್ಲ. ಮಂಚದ ಮೇಲಿಂದ ಆಕೆ ನೋಡುತ್ತಿದ್ದಳು. ಎಡಗೈ ಎತ್ತಿ ಅಂಗೈ ತೋರಿಸಿದಳು. ಮೊದಲು ನನಗೆ ತಿಳಿಯಲಿಲ್ಲ. ಸಾಕು ಎನ್ನುತ್ತಿದ್ದಾಳೆ ಎಂದುಕೊಂಡೆ. ಆಕೆ ತಲೆ ಅಲ್ಲಾಡಿಸಿ, ಬಾಯಿ ಸೊಟ್ಟ ಮಾಡಿ, ಕಷ್ಟಪಟ್ಟು, "ನ... ಮೂ..." ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ನೀರು, ನೋವು ಬಿಟ್ಟರೆ ಆಕೆ ಆಡಿದ ಹೊಸ ಮಾತು ಅದೇ.

ನಲವತ್ತು ವರ್ಷದ ಹಿಂದೆ ಆಕೆಯ ಸ್ವೆಟರ್ ನೋಡಿ ನಕ್ಕವನು ನಾನು. ಈಗ ಆರು ಸಾಲು ಬಿಚ್ಚಿ, ನಮೂನಿಗೆ ಕುಳಿತೆ.

ಎರಡು ದಾರಿ ಇದ್ದವು. ಆಕೆ ಹೆಣೆದಷ್ಟನ್ನೂ ಬಿಚ್ಚಿ ನನ್ನ ಕೈಯ ಲೆಕ್ಕದಲ್ಲಿ ಹೊಸದಾಗಿ ಏರಿಸುವುದು ಒಂದು. 38 ಸೆಂ.ಮೀ.ಗೆ ನನ್ನ ಕೈಗೆ 91 ಮನೆ ಬೇಕು, ಲೆಕ್ಕ ಸುಲಭ. ಆದರೆ ಆಕೆಯ ಬಲಗೈ ಹೆಣೆದದ್ದನ್ನು ಬಿಚ್ಚಲು ನನ್ನಿಂದಾಗಲಿಲ್ಲ. ಇನ್ನೊಂದು ದಾರಿ, ಕಡ್ಡಿ ಬದಲಿಸಿ ನನ್ನ ಕೈಯನ್ನೇ ಆಕೆಯ ಕೈಗೆ ಹೊಂದಿಸುವುದು. ಹೆಣಿಗೆ ಕಡ್ಡಿಯ ಹಳೆಯ ನಂಬರುಗಳು ಉಲ್ಟಾ ಎಂಬುದನ್ನು ಮಕ್ಕಳು ನೆನಪಿಡಬೇಕು. ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. ಹತ್ತನೇ ನಂಬರ್ ಮೂರೂಕಾಲು ಮಿಲಿಮೀಟರ್, ಎಂಟನೆಯದು 4, ಏಳನೆಯದು ನಾಲ್ಕೂವರೆ, ಆರನೆಯದು 5. ಕಡ್ಡಿ ದಪ್ಪವಾದರೆ ಮನೆ ದೊಡ್ಡದು, ಹತ್ತು ಸೆಂ.ಮೀ.ನಲ್ಲಿ ಹಿಡಿಯುವ ಮನೆ ಕಡಿಮೆ. ಇದು ವ್ಯಸ್ತ ತ್ರೈರಾಶಿಕ ಎಂದು ಆರನೇ ಕ್ಲಾಸಿನ ಮೊಮ್ಮಗನಿಗೆ ಹೇಳಿದೆ. (ಇವನು ಮಗನ ಮಗ, ನಮ್ಮ ಜೊತೆಗೇ ಇರುವವನು.) ಅವನು ಪಾಟಿಯಲ್ಲಿ ಲೆಕ್ಕ ಮಾಡಿದ. ನಾಲ್ಕು ಗುಣಿಸು 24, ಅಂದರೆ 96. ಐದರಿಂದ ಭಾಗಿಸಿದರೆ 19 ಚಿಲ್ಲರೆ. "ಆರನೇ ನಂಬರ್ ಹಿಡಿ ತಾತ, 19 ಬರ್ತದ" ಎಂದ. ಏಳರಲ್ಲಿ ಹೆಣೆದೆ, 22. ಆರರಲ್ಲಿ ಹೆಣೆದೆ, 20. ಲೆಕ್ಕ ಹೇಳಿದ್ದು 19, ಕೈ ಕೊಟ್ಟದ್ದು 20. ಹುಡುಗನಿಗೆ ನಿರಾಸೆಯಾಯಿತು. ನಮಗೆ ಬೇಕಾದದ್ದು ಇಪ್ಪತ್ತೇ ಆದ್ದರಿಂದ ನಾನು ಲೆಕ್ಕದ ಪರ ವಾದಿಸಲಿಲ್ಲ.

ನಮೂನಿ ತೊಳೆದು ಒಣಗಿಸಿದೆ. ಬೇಗ ಒಣಗಲಿ ಎಂದು ಇಸ್ತ್ರಿ ಪೆಟ್ಟಿಗೆ ತಂದಾಗ ಮಂಚದ ಮೇಲಿಂದ ಜೋರಾಗಿ ಗದರಿದ ಶಬ್ದ ಬಂತು. ನಮ್ಮದು ಅಂಗಡಿಯ ಅಕ್ರಿಲಿಕ್ ಉಣ್ಣೆ. ಬಿಸಿ ಇಸ್ತ್ರಿ ತಾಗಿದರೆ ಅದರ ಪುಟಿಯುವ ಗುಣವೇ ಸತ್ತು ಬಟ್ಟೆ ಜೋಲುತ್ತದಂತೆ. ಇಸ್ತ್ರಿ ಪೆಟ್ಟಿಗೆ ವಾಪಸ್ ಹೋಯಿತು.

ಇನ್ನೇನು ಗೆದ್ದೆ ಎಂದುಕೊಂಡು ಹದಿನೈದು ದಿನ ಹೆಣೆದೆ. ಮೇಲಿನ ಉಳಿದ ಉದ್ದಕ್ಕೆ ಎಷ್ಟು ಸಾಲು ಎಂದು ಬೆನ್ನಿನ ಭಾಗದಲ್ಲಿ ಎಣಿಸಿಕೊಂಡೆ. ಕಂಕುಳದವರೆಗೆ 40 ಸಾಲು, ಅಲ್ಲಿಂದ ಭುಜದವರೆಗೆ 44, ಒಟ್ಟು 84. ನಾನೂ ಸರಿಯಾಗಿ 84 ಹೆಣೆದೆ. ಕುತ್ತಿಗೆಯ ಹತ್ತಿರ ಎಲ್ಲಿ ಎಷ್ಟು ಮನೆ ಕಡಿಮೆ ಮಾಡಬೇಕೆಂದು ಆಕೆ ಎಡಗೈ ಬೆರಳಿನಲ್ಲಿ ತೋರಿಸಿದಳು. ಮುಗಿಸಿ ನೆಲದ ಮೇಲೆ ಬೆನ್ನು ಹಾಸಿ ಅದರ ಮೇಲೆ ಎದೆ ಹಾಸಿದೆವು. ಅಗಲ ಸರಿಯಾಗಿದೆ. ಮೊಮ್ಮಗ ಬಗ್ಗಿ ನೋಡಿ, "ತಾತ, ಮುಂದಿಂದು ಉದ್ದ ಐತಿ" ಎಂದ. ಸ್ಕೇಲ್ ಇಟ್ಟ. ಎರಡು ಸೆಂ.ಮೀ.ಗಿಂತ ಹೆಚ್ಚು.

ಮನೆಗಳು ಹೊಂದಿದರೆ ಸಾಲುಗಳೂ ಹೊಂದುತ್ತವೆ ಎಂದು ನಾನು ತಿಳಿದಿದ್ದೆ. ಹೆಣಿಗೆಯ ಮನೆ ಚೌಕಾಬಾರದ ಮನೆಯ ಹಾಗೆ ಚೌಕವಲ್ಲ. ಅದರ ಅಗಲ ಒಂದು, ಎತ್ತರ ಒಂದು. ಆಕೆಯ ಕೈಯಲ್ಲಿ ಹತ್ತು ಸೆಂ.ಮೀ. ಎತ್ತರಕ್ಕೆ 28 ಸಾಲು, ಅದು ವಹಿಯಲ್ಲೇ ಇತ್ತು. ನನ್ನ ನಮೂನಿಯಲ್ಲಿ ಈಗ ಎಣಿಸಿದರೆ 26. ಕಡ್ಡಿ ಬದಲಿಸಿ ಅಗಲವನ್ನು ಹೊಂದಿಸಿಕೊಂಡೆನೇ ಹೊರತು ಎತ್ತರ ಬೇರೆಯಾಗಿಯೇ ಉಳಿದಿತ್ತು. ಆಕೆಯ 84 ಸಾಲಿಗೆ 30 ಸೆಂ.ಮೀ., ನನ್ನ 84 ಸಾಲಿಗೆ 32ರ ಮೇಲೆ. ಅರ್ಧ ವಿದ್ಯೆಯ ಮೇಷ್ಟರು ಮತ್ತೆ ಫೇಲಾದರು.

ಬಿಚ್ಚಿದೆ, ಆಕೆಯ ಹೆಣಿಗೆಯ ಅಂಚಿನವರೆಗೂ. ಈ ಸಲ ಲೆಕ್ಕ ಮೊಮ್ಮಗನದು. ಕಂಕುಳದವರೆಗೆ 14 ಸೆಂ.ಮೀ., ಅದಕ್ಕೆ ಮೂವತ್ತಾರೂ ಚಿಲ್ಲರೆ ಸಾಲು, ಚಿಲ್ಲರೆ ಬಿಟ್ಟು 36. ಅಲ್ಲಿಂದ ಭುಜಕ್ಕೆ 16 ಸೆಂ.ಮೀ., ನಲವತ್ತೊಂದೂವರೆಗೆ ತುಸು ಮೇಲೆ, 42 ಎಂದು ಹಿಡಿ. ಎರಡೂ ಸಮಸಂಖ್ಯೆ ಇರಲಿ, ಆಗ ಪ್ರತಿಸಲ ಸೀದಾ ಮುಖದಿಂದಲೇ ಹೊಸ ಕೆಲಸ ಶುರುಮಾಡಬಹುದು. ಕೂಡಿದರೆ 78. ಎರಡೂ ಭಾಗ ಹಾಸಿ ನೋಡಿದಾಗ ಭುಜಕ್ಕೆ ಭುಜ ಸೇರಿತು.

ತೋಳಿನ ಲೆಕ್ಕ ಇನ್ನೂ ಮಜವಾಗಿತ್ತು. ಮಣಿಕಟ್ಟಿನಲ್ಲಿ 40 ಮನೆ, ಮೇಲೆ 60. ಒಂದು ಸಲಕ್ಕೆ ಎರಡು ಪಕ್ಕದಲ್ಲಿ ಒಂದೊಂದು, ಅಂದರೆ ಎರಡು ಮನೆ ಹೆಚ್ಚಿಸಿದರೆ ಹತ್ತು ಸಲ ಹೆಚ್ಚಿಸಬೇಕು. ಪಟ್ಟಿಯ ಮೇಲೆ ತೋಳಿನ ಉದ್ದ 30 ಸೆಂ.ಮೀ., ನನ್ನ ಕೈಗೆ 78 ಸಾಲು. ಹತ್ತರಿಂದ ಭಾಗಿಸಿದರೆ ಪ್ರತಿ ಏಳನೇ ಸಾಲಿಗೆ ಹೆಚ್ಚಿಸಿ ಕೊನೆಗೆ ಎಂಟು ಸಾಲು ಹಾಗೇ ಬಿಡು ಎಂದು ನಾನೂ ಮೊಮ್ಮಗನೂ ಒಪ್ಪಿದೆವು. ಮಂಚದಿಂದ ಬೇಡ ಎಂದು ಕೈ ಬಂತು. ಏಳೇಳಕ್ಕೆ ಹೆಚ್ಚಿಸಿದರೆ ಒಮ್ಮೆ ಸೀದಾ ಸಾಲಿನಲ್ಲಿ, ಒಮ್ಮೆ ಉಲ್ಟಾ ಸಾಲಿನಲ್ಲಿ ಬರುತ್ತದೆ, ಅಂಚು ವಕ್ರವಾಗುತ್ತದೆ. ಆಕೆ ಎಡಗೈಯಲ್ಲಿ ಆರು ಬೆರಳು ತೋರಿಸಿದಳು (ಐದು, ಮತ್ತೆ ಒಂದು), ಆಮೇಲೆ ಎಂಟು. ಒಮ್ಮೆ ಆರು, ಒಮ್ಮೆ ಎಂಟು, ಸರಾಸರಿ ಏಳೇ! ಹತ್ತು ಸಲಕ್ಕೆ 70 ಸಾಲು, ಉಳಿದ 8 ಸಾಲು ನೇರ. ಮೊಮ್ಮಗ ನನ್ನ ಮುಖ ನೋಡಿದ. ನಾನು ಕಿಟಕಿಯ ಆಚೆ ನೋಡಿದೆ.

ಡಿಸೆಂಬರ್ ಎರಡನೇ ವಾರ ಸ್ವೆಟರ್ ಮುಗಿಯಿತು. ಎದೆಯ ಮೇಲೆ, ಕೆಳಗಿನಿಂದ ಒಂದು ಗೇಣಿಗೆ ತುಸು ಕಡಿಮೆ ಎತ್ತರದಲ್ಲಿ, ಬೆಳಕಿಗೆ ಹಿಡಿದರೆ ಒಂದು ಗೆರೆ ಕಾಣುತ್ತದೆ. ಅದರ ಕೆಳಗೆ ಆಕೆಯ ಕೈ, ಮೇಲೆ ನನ್ನದು. ನಮ್ಮ ಪಕ್ಕದ ಇಳಕಲ್ಲಿನ ನೇಕಾರರು ಸೀರೆಯ ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಜೋಡಣೆ ಇಳಕಲ್ ಸೀರೆ ಉಟ್ಟ ಎಲ್ಲ ಅಜ್ಜಿಯರಿಗೂ ಗೊತ್ತು. ಒಂದು ಎಳೆಗೆ ಒಂದು ಎಳೆ, ಎಣಿಕೆ ತಪ್ಪಿದರೆ ಸೆರಗೇ ಇಲ್ಲ. ನಮ್ಮ ಗೆರೆ ಅಷ್ಟು ಚಂದವಿಲ್ಲ, ಆದರೆ 76ಕ್ಕೆ 76 ಸೇರಿವೆ. ಡೆಹ್ರಾಡೂನಿನ ಹುಡುಗಿ ವಿಡಿಯೋದಲ್ಲಿ ತೊಟ್ಟು ತೋರಿಸಿದಾಗ ಆ ಗೆರೆ ಅವಳಿಗೆ ಕಾಣಲಿಲ್ಲ. ತೋಳು ಎರಡು ಬೆರಳು ಉದ್ದವಾಗಿದ್ದು ಮಾತ್ರ ಕಂಡಿತು. ಮಡಚಿಕೊಂಡಿದ್ದಳು.

ಆಮೇಲೆ ಒಂದು ರಾತ್ರಿ ಹಳೆಯ ವಹಿ ತಿರುವಿದೆ. ಬರೀ ನಮೂನಿಯ ಲೆಕ್ಕ, ವರ್ಷ ವರ್ಷದ್ದು. ಎಂಟನೇ ನಂಬರಿನ ಅದೇ ಕಡ್ಡಿ, ಆದರೆ ಆಕೆಯ ಕೈ ಒಂದೇ ಇರಲಿಲ್ಲ. 1985ರಲ್ಲಿ 18. ಕೈ ಪಳಗಿದ ಮೇಲೆ ವರ್ಷಗಟ್ಟಲೆ 20. ನಡುವೆ 1999ರಲ್ಲಿ ಒಂದು ಕಡೆ 23 ಎಂದಿದೆ. ಅದು ಅತ್ತೆ, ಅಂದರೆ ಆಕೆಯ ತಾಯಿ, ತೀರಿಕೊಂಡ ಚಳಿಗಾಲ. ಆಗ ಆಕೆ ಯಾರ ಜೊತೆಗೂ ಮಾತಾಡದೆ ಹೆಣೆಯುತ್ತಿದ್ದಳು. ಕೈ ಎಷ್ಟು ಬಿಗಿ ಹಿಡಿದಿದ್ದಳೋ. ಪಕ್ಕದಲ್ಲೇ ಕುಳಿತು ಪತ್ರಿಕೆ ಓದುತ್ತಿದ್ದ ನನಗೆ ಅದು ತಿಳಿದಿರಲಿಲ್ಲ.

ವೈದ್ಯರು ಬಲಗೈಗೆ ರಬ್ಬರ್ ಚೆಂಡು ಹಿಸುಕಲು ಹೇಳಿದ್ದರು. ಆಕೆಗೆ ಚೆಂಡು ಸೇರದು. ಸಂಕ್ರಾಂತಿಯ ಮರುದಿನ ಉಳಿದ ಅರಿಸಿನ ಉಣ್ಣೆ ಕೇಳಿ ಇಸಿದುಕೊಂಡಳು. ಬಲಗಡೆಯ ಕಡ್ಡಿಯ ಬುಡವನ್ನು ಕಂಕುಳಲ್ಲಿ ಸಿಕ್ಕಿಸಿ, ಬಲಗೈಯನ್ನು ಅದರ ಮೇಲೆ ಸುಮ್ಮನೆ ಊರಿ, ಎಲ್ಲವನ್ನೂ ಎಡಗೈಯಲ್ಲೇ ಎತ್ತಿ ಹಾಕತೊಡಗಿದಳು. ಒಂದು ಸಾಲಿಗೆ ಅರ್ಧ ಗಂಟೆ. ಮನೆಗಳು ಜಾರುತ್ತಿದ್ದವು. ಮೊಮ್ಮಗ ಎತ್ತಿ ಕೊಡುತ್ತಿದ್ದ, ನಾನು ಎತ್ತಲು ಹೋದರೆ ಬೈಯುತ್ತಿದ್ದಳು. ಒಂದು ತಿಂಗಳಿಗೆ ಅಂಗೈಯಗಲದ ತುಂಡಾಯಿತು. ಒಂದು ಮನೆ ದೊಡ್ಡದು, ಪಕ್ಕದ್ದು ಸಣ್ಣದು, ನಡುವೆ ಒಂದೆರಡು ತೂತು. ತೊಳೆದು ಬಿಸಿಲಿಗೆ ಹಾಕಿ ಒಣಗಿಸಿ ತಂದು ಅವಳ ಮುಂದಿಟ್ಟೆವು.

ಮೊಮ್ಮಗ ಸ್ಕೇಲ್ ಇಟ್ಟು ಎಣಿಸಿ, "ಹತ್ತು ಸೆಂಟಿಮೀಟರಿಗೆ 16, ಅಜ್ಜಿ" ಎಂದ. ಆಕೆ ತಲೆ ಅಲ್ಲಾಡಿಸಿದಳು. ಎಳೀಬ್ಯಾಡ ಎಂದು ಎಡಗೈಯಲ್ಲಿ ಅವನ ಬೆರಳು ಬಿಡಿಸಿ ಮತ್ತೆ ಎಣಿಸಿದಳು. ಹದಿನಾರೂವರೆ. ಎಂಟನೇ ನಂಬರ್ ಕಡ್ಡಿ, ಅರಿಸಿನ ಉಣ್ಣೆ, ಹದಿನಾರೂವರೆ ಮನೆ ಎಂದು ವಹಿಯಲ್ಲಿ ತಾರೀಖು ಹಾಕಿ ಬರೆದೆ. ಆಕೆ ವಹಿಯನ್ನು ತನ್ನ ಕಡೆ ತಿರುಗಿಸಿಕೊಂಡು ಓದಿ, ಸಾಲು ಎಷ್ಟು ಎಂಬುದನ್ನು ಬರೆದೇ ಇಲ್ಲ ಎಂದು ಬೆರಳಿಟ್ಟು ತೋರಿಸಿದಳು.